ಬದುವಿನ ಮೇಲೆ ನಿಂತ ಸಿಟ್ಟು

ಕೇಳುಗರಿಗೆ ನಮಸ್ಕಾರ.

ಮನಸ್ಸಿಗೆ ನೆಮ್ಮದಿ ಬೇಕೆಂದು ನಾವು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ, ಮೇಲುಕೋಟೆಗೆ ಹೋಗಿ ಚೆಲುವನಾರಾಯಣನಿಗೆ ಕೈಮುಗಿದು ಬರುತ್ತೇವೆ. ಹೋಗಬೇಕಾದದ್ದೇ. ಆದರೆ ಊರಿಗೆ ಹಿಂದಿರುಗಿದಾಗ ಮಾತು ಬಿಟ್ಟ ಅಣ್ಣನ ಮನೆ ಎದುರಿಗೇ ಇರುತ್ತದೆ. ನಮ್ಮ ನೆಮ್ಮದಿ ಕೆಡುವುದು ಅಲ್ಲಿ. ಧರ್ಮಗಳೆಲ್ಲ ನಮ್ಮನ್ನು ಕಳುಹಿಸುವುದೂ ಆ ಬಾಗಿಲಿಗೇ ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮಂಡ್ಯದ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಿದ್ದಾರೆ, ಸರದಿ ನಿಮ್ಮದು. ನಡುರಾತ್ರಿ ಟಾರ್ಚ್ ಹಿಡಿದು ಗದ್ದೆಗೆ ಹೋದರೆ ಯಾರೋ ನೀರನ್ನು ಪಕ್ಕದ ಗದ್ದೆಗೆ ತಿರುಗಿಸಿದ್ದಾರೆ. ಬದುವಿನ ಮೇಲೆ ಗುದ್ದಲಿ ಹಿಡಿದು ನಿಂತವರಿಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಹುಟ್ಟಿದ ಜಗಳ ಠಾಣೆಯ ಮೆಟ್ಟಿಲೇರಿ, ಮಕ್ಕಳ ಕಾಲಕ್ಕೂ ಮುಗಿಯದೆ ಉಳಿದದ್ದುಂಟು.

ಆ ಗಳಿಗೆಗೆಂದೇ ಹೇಳಿದಂತಿದೆ ಪ್ರವಾದಿ ಮುಹಮ್ಮದರ ಒಂದು ಮಾತು. ನಿಂತಿರುವಾಗ ಸಿಟ್ಟು ಬಂದರೆ ಕುಳಿತುಕೊಳ್ಳಿ, ಆಗಲೂ ಇಳಿಯದಿದ್ದರೆ ಮಲಗಿಕೊಳ್ಳಿ ಎಂದರು ಅವರು. ಕುಳಿತವರ ಕೈಯಲ್ಲಿ ಗುದ್ದಲಿ ಅಷ್ಟು ಸುಲಭವಾಗಿ ಮೇಲೇಳುವುದಿಲ್ಲ. ಇಷ್ಟು ಕೈಗೆಟಕುವ ಉಪದೇಶ ನನಗೆ ಬಹಳ ಪ್ರಿಯ. ಎದುರಾಳಿಯನ್ನು ಕೆಡವುವವನಲ್ಲ, ಕೋಪದಲ್ಲಿ ತನ್ನನ್ನು ತಾನು ಹಿಡಿದುಕೊಳ್ಳುವವನೇ ಬಲಶಾಲಿ ಎಂಬುದೂ ಪ್ರವಾದಿಯ ನುಡಿಗಳ ಸಂಗ್ರಹವಾದ ಹದೀಸಿನಲ್ಲಿದೆ. ಗರಡಿಮನೆಗಳ ಊರಾದ ಮೈಸೂರಿಗೆ, ದಸರಾ ಕುಸ್ತಿ ನೋಡಿ ಬೆಳೆದವರಿಗೆ, ಈ ಮಾತಿನ ತೂಕ ತಿಳಿಯುತ್ತದೆ.

ಸಿಟ್ಟಿನಿಂದ ಮರುಳು, ಮರುಳಿನಿಂದ ಮರೆವು, ಮರೆವಿನಿಂದ ಬುದ್ಧಿನಾಶ ಎಂದು ಗೀತೆಯ ಎರಡನೆಯ ಅಧ್ಯಾಯ ಹೇಳುತ್ತದೆ. ಹಗೆಯಿಂದ ಹಗೆ ಎಂದೂ ಶಮನವಾಗದು ಎಂದ ಬುದ್ಧ. ನಮ್ಮ ಬಸವಣ್ಣನವರಂತೂ ನೇರವಾಗಿ ಕೇಳಿಬಿಟ್ಟರು: "ತನಗೆ ಮುನಿವರಿಗೆ ತಾ ಮುನಿಯಲೇಕಯ್ಯಾ?" ಮನೆಯೊಳಗಿನ ಕಿಚ್ಚು ಮೊದಲು ಆ ಮನೆಯನ್ನು ಸುಡದೆ ನೆರೆಮನೆಯನ್ನು ಸುಡದು ಎಂದರು. ರಾತ್ರಿಯಿಡೀ ಹೊರಳಾಡುವವರು ನಾವು. ನಾವು ಯಾರ ಮೇಲೆ ಕುದಿಯುತ್ತೇವೆಯೋ ಅವರು ಸುಖವಾಗಿ ನಿದ್ದೆ ಹೋಗಿರುತ್ತಾರೆ.

ಮೈಸೂರಿನಿಂದ ಹುಣಸೂರಿನ ಕಡೆ ಹೋದರೆ ಗೊಮ್ಮಟಗಿರಿ ಇದೆ. ಬಂಡೆಯ ನೆತ್ತಿಯ ಮೇಲೆ ಬಾಹುಬಲಿ ನಿಂತಿದ್ದಾನೆ. ಅವನದೂ ಅಣ್ಣತಮ್ಮಂದಿರ ಜಗಳವೇ. ಅಣ್ಣ ಭರತನನ್ನು ಗೆದ್ದವನು, ಗೆದ್ದ ಮೇಲೆ ರಾಜ್ಯವನ್ನೇ ಬಿಟ್ಟು ತಪಸ್ಸಿಗೆ ನಿಂತವನು. ಮೈಗೆ ಬಳ್ಳಿ ಹಬ್ಬಿದರೂ ಅವನಿಗೆ ಕೇವಲಜ್ಞಾನ, ಎಂದರೆ ಎಲ್ಲವನ್ನೂ ಅರಿಯುವ ಪೂರ್ಣಜ್ಞಾನ, ದೊರೆಯಲಿಲ್ಲ. ತಾನು ನಿಂತಿರುವುದು ಅಣ್ಣನ ನೆಲದ ಮೇಲೆ ಎಂಬ ಮುಳ್ಳು ಒಳಗೆ ಉಳಿದಿತ್ತು ಎಂದು ಜೈನರಲ್ಲಿ ಒಂದು ಕಥೆಯಿದೆ. ಭರತನೇ ಬಂದು ನಮಸ್ಕರಿಸಿದಾಗ ಆ ಮುಳ್ಳು ಕಳಚಿತು. ಎಲ್ಲವನ್ನೂ ತೊರೆದ ವಿರಾಗಿಗೂ ಅಣ್ಣನೊಡನೆ ಲೆಕ್ಕ ಚುಕ್ತಾ ಆಗಬೇಕಾಯಿತು! ಇಂದಿಗೂ ಜೈನರು ಕ್ಷಮಾವಣಿಯ ದಿನ ಒಬ್ಬರನ್ನೊಬ್ಬರು ಕಂಡು ಕ್ಷಮೆ ಕೇಳುತ್ತಾರೆ. ದೇವರನ್ನಲ್ಲ, ಮನುಷ್ಯರನ್ನು.

ಯೇಸು ಇನ್ನೂ ಕಟ್ಟುನಿಟ್ಟು. ಬಲಿಪೀಠದ ಬಳಿ ಕಾಣಿಕೆ ತಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗು, ಮೊದಲು ಅವನೊಡನೆ ರಾಜಿಯಾಗು, ಆಮೇಲೆ ಬಂದು ಅರ್ಪಿಸು ಎಂದ. ಪೂಜೆಯನ್ನು ಅರ್ಧಕ್ಕೆ ನಿಲ್ಲಿಸಿ ಅಣ್ಣನ ಮನೆಗೆ ಹೋಗು ಎನ್ನುವ ಮಾತಿದು. ಎಷ್ಟು ಜನಕ್ಕೆ ಆ ಧೈರ್ಯ ಬರುತ್ತದೆ?

ಹಾಗಾದರೆ ನೀರು ಕದ್ದವನಿಗೆ, ಬದು ಒತ್ತುವರಿ ಮಾಡಿದವನಿಗೆ ಸುಮ್ಮನೆ ತಲೆಬಾಗಬೇಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೇಡ, ಹಕ್ಕನ್ನು ಬಿಡಬೇಡಿ. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯನ್ನು ಕರೆದು ಕೇಳಿ, ಸರ್ವೆಗೆ ಅರ್ಜಿ ಕೊಟ್ಟು ಅಳೆಸಿ, ಕಲ್ಲು ನೆಡಿಸಿ. ಆದರೆ ಅಳತೆಗೆ ಬಂದವರು ಗದ್ದೆಯಲ್ಲಿ ನಿಂತಿರುವಾಗಲೂ ಅಣ್ಣನನ್ನು "ಅಣ್ಣಾ" ಎಂದೇ ಕರೆಯಿರಿ. ಅವನ ಮನೆಯ ಮಗುವಿಗೆ ಜ್ವರವೆಂದು ಕೇಳಿದರೆ ಸಂಜೆ ಹೋಗಿ ನೋಡಿಕೊಂಡು ಬನ್ನಿ.

ನಮಸ್ಕಾರ.