ಮಳೆ ಹೊಳವಾದ ಮೇಲೆ ಬರುವ ಜ್ವರ

ಇವತ್ತಿಗೆ ಮಳೆ ಹೊಳವಾಗಿ ಮೂರು ದಿನ. ಇದು ಚಿಕ್ಕಮಗಳೂರಿನ ನಮ್ಮ ಮನೆಯ ತಾರಸಿ. ದೂರದಲ್ಲಿ ಮುಳ್ಳಯ್ಯನಗಿರಿ ಇನ್ನೂ ಮೋಡ ಹೊದ್ದು ಮಲಗಿದೆ. ಊರೊಳಗೆ ಮಾತ್ರ ಬಿಸಿಲು ಬಂದಿದೆ. ಎರಡು ವಾರದಿಂದ ಒಣಗದೆ ಮುಗ್ಗಲು ವಾಸನೆ ಹಿಡಿದಿದ್ದ ಬಟ್ಟೆಗಳೆಲ್ಲ ಹಗ್ಗಕ್ಕೆ ಬಂದಿವೆ. ಅಮ್ಮನಿಗೆ ಖುಷಿಯೋ ಖುಷಿ.

ಸ್ವಲ್ಪ ಕೆಳಗೆ ನೋಡಿ. ಟ್ಯಾಂಕಿನ ಹಿಂದೆ ಈ ಹಳೇ ಪೇಂಟ್ ಡಬ್ಬ ಕಾಣುತ್ತಿದೆಯಲ್ಲ? ಅದರಲ್ಲಿ ಅರ್ಧ ಗೇಣು ನೀರು. ಟಾರ್ಚ್ ಬಿಡುತ್ತೇನೆ, ನೋಡಿ. ದಾರದ ತುಂಡಿನ ಹಾಗೆ ಕೊಂಕುತ್ತಾ ಮೇಲೆ ಕೆಳಗೆ ಓಡಾಡುತ್ತಿವೆ. ಸೊಳ್ಳೆ ಮರಿಗಳು. ನಿನ್ನೆ ಮೊನ್ನೆ ಇಲ್ಲೇ ಬಟ್ಟೆ ಹರವಿದೆ, ಇದು ಕಣ್ಣಿಗೇ ಬೀಳಲಿಲ್ಲ.

2024ರ ಜುಲೈನಲ್ಲಿ ನನ್ನ ತಮ್ಮನಿಗೆ ಡೆಂಗಿ ಬಂತು. ಆ ವರ್ಷ ನಮ್ಮ ಜಿಲ್ಲೆ, ಪಕ್ಕದ ಹಾಸನ ಎರಡೂ ದಿನಾ ಸುದ್ದಿಯಲ್ಲಿದ್ದವು. ಸೆಪ್ಟೆಂಬರ್ ಹೊತ್ತಿಗೆ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ನಮಗೆ ಮಾತ್ರ ನಂಬಿಕೆಯೇ ಬರಲಿಲ್ಲ. ಡೆಂಗಿ ಅಂದರೆ ಬೆಂಗಳೂರಿನದು, ಕರಾವಳಿಯದು, ಸೆಕೆ ಊರುಗಳದು ಅಂತ ಇದ್ದವರು ನಾವು. ಸಾವಿರ ಮೀಟರ್ ಎತ್ತರದ ಊರು, ಸಂಜೆಯಾದರೆ ಸ್ವೆಟರ್ ಬೇಕು, ಇಲ್ಲಿಗೆ ಹೇಗೆ ಬಂತು?

ಅವನಿಗೆ ಮೂರು ದಿನ ಕೆಂಡದಂಥ ಜ್ವರ. ಕಣ್ಣಿನ ಹಿಂದೆ ನೋವು, ಮೂಳೆ ಮುರಿದ ಹಾಗೆ ಮೈಕೈ ನೋವು. ನಾಲ್ಕನೇ ದಿನ ಜ್ವರ ಇಳಿಯಿತು. ವಾಸಿಯಾಯ್ತು ಅಂತ ಅಮ್ಮ ಗಂಜಿ ಕಾಯಿಸಿದರು. ಅವತ್ತು ಸಂಜೆಯೇ ಹೊಟ್ಟೆನೋವು ಶುರುವಾಯಿತು, ನಿಲ್ಲದ ವಾಂತಿ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಡೆಂಗಿಯಲ್ಲಿ ಎಲ್ಲಕ್ಕಿಂತ ಅಪಾಯದ ಹೊತ್ತು ಅಂತ ನಮಗೆ ಗೊತ್ತಿರಲಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆ ನೀವಾಗಿಯೇ ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗುತ್ತದೆ. ತಮ್ಮ ಐದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಕ್ಯಾಲೆಂಡರ್ ಹಿಡಿದು ಹಿಂದಕ್ಕೆ ಎಣಿಸಿದ್ದೆ. ಜ್ವರ ಬಂದದ್ದು ಜುಲೈ 12ಕ್ಕೆ. ಸೊಳ್ಳೆ ಕಚ್ಚಿ ನಾಲ್ಕರಿಂದ ಹತ್ತು ದಿನಕ್ಕೆ ಜ್ವರ ಕಾಣಿಸುತ್ತದೆ. ಅಂದರೆ ಕಚ್ಚಿದ್ದು ಜುಲೈ ಮೊದಲ ವಾರದಲ್ಲಿರಬೇಕು. ಆ ಸೊಳ್ಳೆ ಹುಟ್ಟುತ್ತಲೇ ವೈರಸ್ ಹೊತ್ತು ಬಂದಿರುವುದು ಅಪರೂಪ. ಅದಕ್ಕೂ ಮೊದಲು ನಮ್ಮ ಬೀದಿಯಲ್ಲೇ ಯಾರೋ ಡೆಂಗಿ ಇದ್ದವರನ್ನು ಅದು ಕಚ್ಚಿರುತ್ತದೆ. ಅವರ ರಕ್ತದಿಂದ ಹೊಟ್ಟೆಗೆ ಹೋದ ವೈರಸ್ ಬೆಳೆದು ಸೊಳ್ಳೆಯ ಜೊಲ್ಲಿಗೆ ಬರಲು ಇನ್ನೊಂದು ಹತ್ತು ದಿನ. ಅದಕ್ಕೂ ಹಿಂದೆ ಮೊಟ್ಟೆ ಒಡೆದು, ಮರಿಯಾಗಿ, ರೆಕ್ಕೆ ಬರಲು ಒಂದು ವಾರ, ಹತ್ತು ದಿನ. ಎಲ್ಲಾ ಕೂಡಿಸಿದರೆ ಜೂನ್ ಮಧ್ಯಕ್ಕೆ ಹೋಗಿ ನಿಂತಿತು. ಮೃಗಶಿರಾ ಮಳೆಯ ಕಾಲ. ಒಂದು ದಿನ ಹೊಡೆದು, ನಾಲ್ಕು ದಿನ ಬಿಟ್ಟು, ಮತ್ತೆ ಬಂದ ಮಳೆ. ಆಗ ನಮ್ಮ ತಾರಸಿಯಲ್ಲಿ ಏನೇನು ತುಂಬಿತ್ತೋ, ಯಾರೂ ನೋಡಿರಲಿಲ್ಲ.

ಇವತ್ತಿನ ಜ್ವರಕ್ಕೆ ಕಾರಣ ಒಂದು ತಿಂಗಳ ಹಿಂದಿನ ಮಳೆ. ಜ್ವರದ ಸುದ್ದಿ ಬಂದ ಮೇಲೆ ಹೊಗೆ ಹೊಡೆಯುತ್ತಾರಲ್ಲ, ಫಾಗಿಂಗ್, ಅದು ಹಾರಾಡುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ಡಬ್ಬದೊಳಗಿನ ಮರಿಗೆ ಏನೂ ಆಗುವುದಿಲ್ಲ.

ಹಾಗಾದರೆ ಮಳೆ ಜಾಸ್ತಿಯಾದಷ್ಟೂ ಡೆಂಗಿ ಜಾಸ್ತಿಯಾ? ಹಾಗೇನಿಲ್ಲ. ಆರಿದ್ರಾ, ಪುನರ್ವಸು ಹಗಲು ರಾತ್ರಿ ಬಿಡದೆ ಹಿಡಿದರೆ ಡಬ್ಬ, ಚಿಪ್ಪು ತುಂಬಿ ಹರಿದು ಮರಿಗಳೆಲ್ಲ ಕೊಚ್ಚಿ ಹೋಗುತ್ತವೆ. ಸೊಳ್ಳೆಗೆ ಬೇಕಾದದ್ದು ಬಂದು ಬಂದು ಬಿಡುವ ಮಳೆ, ನಡುನಡುವೆ ಹೊಳವು, ಗಾಳಿಯಲ್ಲಿ ತೇವ. ಒಣ ಗಾಳಿಯಲ್ಲಿ ಅದು ಬೇಗ ಸಾಯುತ್ತದೆ. ತೇವ ಇದ್ದರೆ ಜಾಸ್ತಿ ದಿನ ಬದುಕುತ್ತದೆ, ಜಾಸ್ತಿ ಜನರನ್ನು ಕಚ್ಚುತ್ತದೆ.

ಇನ್ನು ನಮ್ಮ ಚಳಿಯ ವಿಷಯ. ಸೊಳ್ಳೆಗೆ ಸ್ವಂತ ಮೈಬಿಸಿ ಇಲ್ಲ. ಹೊರಗೆ ಎಷ್ಟೋ ಅದರ ಮೈಯೊಳಗೂ ಅಷ್ಟೇ. 25ರಿಂದ 28 ಡಿಗ್ರಿ ಇದ್ದರೆ ವೈರಸ್ ಜೊಲ್ಲಿಗೆ ಬರಲು 8ರಿಂದ 12 ದಿನ. ಸೆಕೆ ಏರಿದರೆ ಇನ್ನೂ ಬೇಗ. ಚಳಿ ಇದ್ದರೆ ಎಷ್ಟು ತಡವಾಗುತ್ತದೆ ಅಂದರೆ, ವೈರಸ್ ತಯಾರಾಗುವ ಮೊದಲೇ ಸೊಳ್ಳೆಯ ಆಯಸ್ಸು ಮುಗಿದಿರುತ್ತದೆ. ನಮ್ಮ ಅಜ್ಜಿ ಕಾಲದಿಂದ ನಮ್ಮನ್ನು ಕಾಪಾಡಿದ್ದು ಈ ಚಳಿಯೇ ಅಂತ ನನಗನ್ನಿಸುತ್ತದೆ. ರಾತ್ರಿಯ ಬಿಸಿ ಒಂದೆರಡು ಡಿಗ್ರಿ ಏರಿದರೂ ಈ ಓಟದಲ್ಲಿ ವೈರಸ್ ಮುಂದೆ ಹೋಗುತ್ತದೆ. ನೇಪಾಳದ ಕಠ್ಮಂಡು ನಮಗಿಂತ ಎತ್ತರದ ಊರು, ಸುಮಾರು 1,400 ಮೀಟರ್. ಅಲ್ಲೂ 2022ರಲ್ಲಿ ಡೆಂಗಿ ದೊಡ್ಡದಾಗಿ ಹರಡಿತು. ಎತ್ತರದಲ್ಲಿದ್ದೇವೆ ಎಂಬ ಧೈರ್ಯ ಇನ್ನು ಸಾಲದು.

ಈಗ ಕಡೂರಿಗೆ ಬಂದಿದ್ದೇನೆ, ಚಿಕ್ಕಮ್ಮನ ಮನೆಗೆ. ಒಂದೇ ಜಿಲ್ಲೆ, ಗಂಟೆಯ ದಾರಿ, ಆದರೆ ಲೋಕವೇ ಬೇರೆ. ಮಣ್ಣಿನ ಬಣ್ಣ ನೋಡಿದರೇ ಗೊತ್ತಾಗುತ್ತದೆ. ಇದು ಬಯಲುಸೀಮೆ. ಮಳೆ ಇಲ್ಲದ ಊರಲ್ಲಿ ಡೆಂಗಿ ಎಲ್ಲಿಂದ ಅಂತ ಕೇಳುತ್ತೀರಾ? ಬಚ್ಚಲ ಪಕ್ಕ ನೋಡಿ. ಎರಡು ನೀಲಿ ಡ್ರಮ್ಮು, ಒಂದು ಸಿಮೆಂಟ್ ತೊಟ್ಟಿ, ನಾಲ್ಕು ಕೊಡ. ನಲ್ಲಿ ನೀರು ಯಾವಾಗ ಬರುತ್ತದೋ ಗೊತ್ತಿಲ್ಲ, ಅದಕ್ಕೇ ಬಂದಾಗಲೆಲ್ಲ ತುಂಬಿಡುವುದು. 2023ರ ಬರದಲ್ಲಿ, ಅದರ ಮುಂದಿನ ಬೇಸಿಗೆಯಲ್ಲಿ, ಇಡೀ ರಾಜ್ಯವೇ ಹೀಗೆ ನೀರು ಕೂಡಿಟ್ಟಿತ್ತು.

"ನೀರು ಚೆಲ್ಲು ಅಂದ್ರೆ ಹೆಂಗ್ ಚೆಲ್ಲಲಿ ಮಗ? ನಾಳೆ ನೀರು ನೀನು ತಂದ್ಕೊಡ್ತೀಯಾ?" ಅಂತ ಚಿಕ್ಕಮ್ಮ ಕೇಳಿದರು. ಅವರ ಮಾತು ಸರಿ. ಡೆಂಗಿ ಬಂದರೆ ಮನೆಯವರ ಮೇಲೇ ತಪ್ಪು ಹೊರಿಸುವುದು ನನಗೆ ಇಷ್ಟವಿಲ್ಲ. ದಿನಾ ನಲ್ಲಿ ನೀರು ಬಂದರೆ ಯಾರು ಸುಮ್ನೆ ಡ್ರಮ್ಮು ತುಂಬಿಡುತ್ತಾರೆ?

ನಾವು ಮಾಡಿದ್ದು ಇಷ್ಟು. ಡ್ರಮ್ಮಿನ ಬಾಯಿಗೆ ಹಳೇ ಕಾಟನ್ ಸೀರೆ ಬಿಗಿದು ಹಗ್ಗ ಕಟ್ಟಿದೆವು. ನೀರು ತಳ ಮುಟ್ಟಿದ ದಿನ ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿದೆವು. ಉಜ್ಜುವುದೇ ಮುಖ್ಯ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ. ನೀರು ಖಾಲಿಯಾದರೂ ಆ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಇರುತ್ತದೆ. ಮತ್ತೆ ನೀರು ತಾಗಿದರೆ ಒಡೆಯುತ್ತದೆ. ಬೇಸಿಗೆಯ ಮೊಟ್ಟೆ ಮುಂಗಾರಿಗೆ ಕಾದು ಕೂತಿರುತ್ತದೆ. ಇದು ತಿಳಿದ ಮೇಲೆ ನನಗೆ ಬರೀ ನೀರು ಚೆಲ್ಲಿದರೆ ಸಮಾಧಾನವಾಗುವುದೇ ಇಲ್ಲ.

ಇದು ಮೂಡಿಗೆರೆ ಹತ್ತಿರ, ಮಾವನ ತೋಟ. ಇಲ್ಲಿ ಡ್ರಮ್ಮಿಲ್ಲ, ತೊಟ್ಟಿಯಿಲ್ಲ. ಆದರೆ ಅಡಿಕೆ ಹಾಳೆ ಇದೆ. ಮರದಿಂದ ಬಿದ್ದು ದೋಣಿಯ ಹಾಗೆ ಮಲಗುತ್ತದೆ, ಒಂದು ಮಳೆಗೆ ತುಂಬುತ್ತದೆ. ಮರದ ಪೊಟರೆ, ಟಾರ್ಪಾಲಿನ ಮಡಿಕೆ, ಕೆಲಸದವರ ಲೈನ್ ಮನೆ ಹಿಂದಿನ ಹಳೇ ಟೈರು, ಎಲ್ಲವೂ ಹಾಗೇ. ಇಂಥ ತೋಟಗಳಲ್ಲಿ ಜಾಸ್ತಿ ಇರುವುದು ಇನ್ನೊಂದು ಜಾತಿ ಈಡಿಸ್, ಏಷ್ಯನ್ ಟೈಗರ್ ಸೊಳ್ಳೆ. ಕಪ್ಪು ಮೈ, ಬಿಳಿ ಪಟ್ಟೆ, ಬೆನ್ನ ನಡುವೆ ಒಂದು ಬಿಳಿ ಗೆರೆ. ಇದು ಊರಿನ ಸೊಳ್ಳೆಗಿಂತ ಚಳಿ ತಡೆಯುತ್ತದೆ. ಊರಿನ ಸೊಳ್ಳೆಯಿಂದ ಡೆಂಗಿ ಹರಡಲು 29 ಡಿಗ್ರಿ ಆಸುಪಾಸು ಹದ ಅಂತ ಲೆಕ್ಕ ಹಾಕಿದ್ದಾರೆ, ಇದಕ್ಕೆ 26 ಡಿಗ್ರಿ ಸಾಕು. 26 ಅಂದರೆ ಮಲೆನಾಡಿನಲ್ಲಿ ಹೊಳವಾದ ದಿನದ ಮಧ್ಯಾಹ್ನ, ಅಲ್ವಾ?

ಕಚ್ಚುವುದು ಹಗಲಲ್ಲಿ. ಬೆಳಿಗ್ಗೆ, ಮತ್ತೆ ಸಂಜೆ ಕತ್ತಲಾಗುವ ಮುಂಚೆ. ಅದೇ ಹೊತ್ತಿಗೆ ತೋಟದಲ್ಲಿ ಕೆಲಸದವರು ಬಗ್ಗಿ ಕಳೆ ತೆಗೆಯುತ್ತಿರುತ್ತಾರೆ. ರಾತ್ರಿಯ ಸೊಳ್ಳೆ ಪರದೆ ಅವರಿಗೆ ಹಗಲು ಉಪಯೋಗಕ್ಕೆ ಬರುವುದಿಲ್ಲ. ಮಾವ ಈ ಸಲ ಹಾಳೆ ಹೆಕ್ಕಲು ಬೇರೆಯಾಗಿಯೇ ಕೂಲಿ ಕೊಟ್ಟು ಇಬ್ಬರನ್ನು ಇಟ್ಟಿದ್ದಾರೆ. ಹೆಕ್ಕಿದ್ದನ್ನು ಕವುಚಿ ಸೂರಿನ ಕೆಳಗೆ ಒಟ್ಟುತ್ತಾರೆ.

ಮತ್ತೆ ತಾರಸಿಗೆ ಬಂದೆ. ಬೆಳಗಿನ ಡಬ್ಬವನ್ನು ತಮ್ಮ ಬಿಸಿಲಿಗೆ ಸುರಿದು, ಒಳಗೆಲ್ಲ ಉಜ್ಜಿ, ಗುಜರಿಗೆ ಹಾಕಿದ್ದಾನೆ. ಡೆಂಗಿಯಲ್ಲಿ ನಾಲ್ಕು ಬಗೆಯ ವೈರಸ್ ಇದೆ. ಒಮ್ಮೆ ಬಂದವರಿಗೆ ಇನ್ನೊಂದು ಬಗೆಯದು ಬಂದರೆ ಎರಡನೇ ಸಲ ಜೋರಾಗುವ ಸಾಧ್ಯತೆ ಜಾಸ್ತಿ. ಅವನಿಗೆ ಅದು ಗೊತ್ತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಫ್ರಿಜ್ ಹಿಂದಿನ ತಟ್ಟೆ ಇನ್ನೂ ಬಾಕಿ ಇದೆ. ಪಕ್ಕದ ಖಾಲಿ ಸೈಟಿನಲ್ಲಿ ಎಳನೀರು ಬುರುಡೆ ರಾಶಿ ಬಿದ್ದಿದೆ. ಎದುರು ಮನೆ ಅಂಕಲ್ ಕೂಡ ಗೋಣಿಚೀಲ ಹಿಡಿದು ಇಳಿದಿದ್ದಾರೆ. ಗಿರಿಯ ಕಡೆ ಮತ್ತೆ ಕಪ್ಪಾಗುತ್ತಿದೆ. ಮಳೆ ಹಿಡಿಯುವ ಮೊದಲು ಬುರುಡೆ ಎತ್ತಿಬಿಡುತ್ತೇವೆ. ಕ್ಯಾಮೆರಾ ಇಲ್ಲಿಗೆ ಆಫ್ ಮಾಡುತ್ತೇನೆ.