ತಟ್ಟೆ ಇಡೋಕ್ ಮುಂಚೆ ಒಂದ್ ಮಾತು ಕೇಳಿ

ಅಯ್ಯನವರಿಗೆ, ವಿಮೆನ್ಸ್ ಫೆಲೋಶಿಪ್‌ನವರಿಗೆ, ಯೂತ್ಸ್‌ಗೆ, ಹಿಂದ್ಗಡೆ ಪಾತ್ರೆ ತೊಳೀತಾನೇ ಕೇಳಿಸ್ಕೊಳ್ತಿರೋ ನಮ್ಮ ಅಡುಗೆ ಟೀಮ್‌ನವರಿಗೆ, ಎಲ್ರಿಗೂ ನಮಸ್ಕಾರ. ಕ್ರಿಸ್ಮಸ್ ಹತ್ರ ಬಂತು, ಬೀದೀಲಿ ಇರೋರಿಗೆ ಹಂಚೋಕೆ ಅಂತ ಬಂದಿರೋ ಬಟ್ಟೆ ಮೂಟೆ ಆ ಮೂಲೇಲಿ ಎಷ್ಟ್ ಎತ್ತರ ಬಿದ್ದಿದೆ ಅಂತ ನೀವೇ ನೋಡ್ತಿದೀರ, ಅದಕ್ಕೇ ಇವತ್ತು ಇದನ್ನ ಮಾತಾಡ್ಲೇಬೇಕು ಅಂತ ನಾನೇ ಕಮಿಟಿ ಹತ್ರ ಟೈಮ್ ಕೇಳ್ಕೊಂಡೆ.

ನಾನು ಹೇಳೋದು ಒಂದೇ ಮಾತು. ಕೊಡೋಕ್ ಮುಂಚೆ ಕೇಳಿ. ಏನು ಬೇಕು, ಎಷ್ಟು ಬೇಕು, ಯಾವಾಗ ಬೇಕು ಅಂತ ತಗೊಳ್ಳೋರನ್ನೇ ಕೇಳಿ.

ಬೈಬಲ್‌ನ ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ ನಿಮಗೆ ಬಾಯಿಪಾಠ ಇದೆ, ಆದ್ರೂ ಇನ್ನೊಂದ್ಸಲ ನೋಡಿ. ಯೆರೂಸಲೇಮಿನ ಆ ಹೊಸ ಸಭೇಲಿ ಗುಣುಗುಟ್ಟೋದು ಶುರುವಾಗಿದ್ದು ಯಾವುದಕ್ಕೆ? ಸಿದ್ಧಾಂತಕ್ಕಲ್ಲ ಸ್ವಾಮಿ, ಊಟ ಬಡಿಸೋದಕ್ಕೆ! ಗ್ರೀಕ್ ಮಾತಾಡೋ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗ್ತಿಲ್ಲ ಅಂತ. ಆಗ ಏಳು ಜನರನ್ನ ಆರಿಸಿದ್ರು, ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳೇ, ಗಮನಿಸಿದೀರಾ? ಅಂದ್ರೆ ಯಾರ ಕಡೆಯೋರಿಗೆ ಊಟ ತಪ್ಪಿತ್ತೋ ಅವರ ಕೈಗೇ ಸೌಟು ಕೊಟ್ರು ಅಂತ ನಾನು ಓದ್ಕೋತೀನಿ. ನಮ್ಮ ಕಮಿಟೀಲಿ ಫುಟ್‌ಪಾತ್ ಮೇಲೆ ಮಲಗಿದ್ದೋರು ಒಬ್ರಾದ್ರೂ ಇದಾರಾ? ಇರಬೇಕು. ಬೀದೀಲಿ ಹೊದ್ಕೊಂಡ್ ಮಲಗಿದ್ದೋರಿಗೆ ಯಾವ ಕಂಬಳಿ ಬೆಚ್ಚಗಿರುತ್ತೆ, ಯಾವುದು ಒಂದೇ ಮಳೆಗೆ ನೀರು ಕುಡ್ದು ಭಾರ ಆಗುತ್ತೆ ಅನ್ನೋದು ಗೊತ್ತಿರುತ್ತೆ, ನಮಗೆ ಅಂಗಡಿ ರೇಟ್ ಮಾತ್ರ ಗೊತ್ತಿರುತ್ತೆ.

ಈಗ ಬಟ್ಟೆ ವಿಷಯ. ಹೋದ ವರ್ಷ ಒಂದು ಸರ್ಕಾರಿ ಆಸ್ಪತ್ರೆ ಗೇಟ್ ಹತ್ರ ಎಚ್.ಡಿ. ಕೋಟೆ ಕಡೆಯ ಒಬ್ಬ ಅಜ್ಜಿ ಸಿಕ್ಕಿದ್ರು. ಮಗಳನ್ನ ಹೆರಿಗೆಗೆ ಕರ್ಕೊಂಡ್ ಬಂದು ದಿನಗಟ್ಲೆ ಆಗಿತ್ತು, ಕೈಲಿದ್ದ ದುಡ್ಡು ಮುಗಿದಿತ್ತು, ಉಟ್ಟಿದ್ದ ಸೀರೇಲೇ ಇದ್ರು, ರಾತ್ರಿ ವರಾಂಡದಲ್ಲೇ ಮಲಗೋದು. ಯಾರೋ ಪುಣ್ಯಾತ್ಮರು ಬಂದು ಅವರ ಕೈಗೆ ಜರಿ ಸೀರೆ ಕೊಟ್ಟು ಹೋಗಿದ್ರು, ಫಳಫಳ ಅಂತಿತ್ತು, ಲಂಗ ಇಲ್ಲ, ರವಿಕೆ ಇಲ್ಲ. ಅಜ್ಜಿ ಅದನ್ನ ಮಡಿಸಿ ತೊಡೆ ಮೇಲಿಟ್ಕೊಂಡು ನನ್ನ ಮುಖ ನೋಡಿ, "ಇದುಟ್ಕಂಡು ಯಾವ ಮದ್ವೆಗ್ ಹೋಗ್ಲವ್ವ ನಾನು" ಅಂದ್ರು. ಇಬ್ರೂ ನಕ್ಕುಬಿಟ್ವಿ. ಆಮೇಲೆ "ಏನ್ ಬೇಕಿತ್ತಜ್ಜಿ" ಅಂದೆ. ಕೇಳೋದೇ ತಡ, ಲಿಸ್ಟೇ ಬಂತು, ಮಗಳಿಗೆ ಮುಂದೆ ಬಟನ್ ಇರೋ ನೈಟಿ ಬೇಕು ಮಗೂಗೆ ಹಾಲು ಕುಡಿಸಕ್ಕೆ, ಒಂದು ಬಕೆಟ್ಟು, ಬಟ್ಟೆ ಸೋಪು, ಬಿಸಿನೀರಿಗೆ ಫ್ಲಾಸ್ಕು, ಮಗು ಸುತ್ತಕ್ಕೆ ಮೆತ್ತಗಿರೋ ಹಳೇ ಪಂಚೆ. ಹಳೇದೇ ಬೇಕಂತೆ, ಹೊಸದು ಚುಚ್ಚುತ್ತೆ! ಎಷ್ಟ್ ಕರೆಕ್ಟಾಗಿ ಹೇಳಿದ್ರು ನೋಡಿ. ಆ ಜರಿ ಸೀರೆ ದುಡ್ಡಲ್ಲಿ ಇದಷ್ಟೂ ಬರ್ತಿತ್ತು, ಮೇಲೆ ಊರಿಗೆ ಬಸ್ ಚಾರ್ಜೂ ಉಳೀತಿತ್ತು.

ಅದೇ ಪುಸ್ತಕದಲ್ಲಿ ಬರೋ ಯೊಪ್ಪ ಊರಿನ ದೊರ್ಕಳನ್ನ ನೆನೆಸ್ಕೊಳ್ಳಿ, ತಬಿಥಾ ಅಂತಲೂ ಹೆಸರು. ಅವಳು ಸತ್ತಾಗ ಯೇಸುವಿನ ಶಿಷ್ಯ ಪೇತ್ರ ಬರ್ತಾನೆ, ವಿಧವೆಯರೆಲ್ಲ ಅಳ್ತಾ ಸುತ್ತ ನಿಂತು ಏನ್ ತೋರಿಸ್ತಾರೆ? ಅವಳು ಹೊಲಿದಿದ್ದ ಅಂಗಿ ಬಟ್ಟೆಗಳನ್ನ. ಹೊಲಿದಿದ್ದು ಅಂದ್ರೆ ಅಳತೆ ತಗೊಂಡಿರ್ತಾಳೆ, ಕೈ ಎಷ್ಟುದ್ದ ಬೇಕಮ್ಮ ಅಂತ ಕೇಳಿರ್ತಾಳೆ, ಅಳತೆ ತಗೊಳ್ಳೋಕೆ ಪಕ್ಕದಲ್ಲಿ ನಿಲ್ಲಬೇಕು, ಮೈ ಮುಟ್ಟಬೇಕು, ದೂರದಿಂದ ಮೂಟೆ ಎಸೆಯೋಕಾಗಲ್ಲ. ನಮ್ಮ ಮೂಟೇಲಿ 38 ಸೊಂಟದ ಆಫೀಸ್ ಪ್ಯಾಂಟುಗಳಿವೆ, ಬಸ್ ಸ್ಟ್ಯಾಂಡಲ್ಲಿ ಮಲಗೋ ನಮ್ಮಣ್ಣಂದಿರ ಸೊಂಟ 28. ಕೇಳಿದ್ರೆ ಲುಂಗಿ ಕೊಡಿ ಅಂತಾರೆ, ಉಡಬಹುದು, ಹೊದಿಬಹುದು, ಹಾಸಬಹುದು. ಒಳ ಉಡುಪು ಹೊಸದು ಬೇಕು ಅಂತ ನಾಚ್ಕೊಂಡು ಹೇಳ್ತಾರೆ, ಅದನ್ನ ಮಾತ್ರ ಯಾರೂ ದಾನ ಕೊಡಲ್ಲ.

ಇನ್ನೊಂದು. "ಇಂದಿರಾ ಕ್ಯಾಂಟೀನ್ ಇದೆಯಲ್ಲ, 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಅಂತಾನೇ ಶುರು ಮಾಡಿದ್ದು, ನಿಮ್ದೇನ್ ಹೊಸದಾಗಿ" ಅಂತ ಒಬ್ರು ಕೇಳಿದ್ರು. ಒಳ್ಳೇ ಪ್ರಶ್ನೆ, ನಾನು ಖುಷಿಯಾದೆ. ಅಲ್ಲಿವರೆಗೆ ನಡ್ಕೊಂಡ್ ಹೋಗೋಕಾಗೋರು ಅಲ್ಲೇ ತಿನ್ಲಿ, ನಾವ್ಯಾಕೆ ಅದೇ ಟೈಮಿಗೆ ಅದೇ ರೋಡಲ್ಲಿ ಪಲಾವ್ ಹಂಚ್ಬೇಕು? ಕಾಲಿಲ್ಲದೋರು, ಕಣ್ಣು ಕಾಣದೋರು, ಪೇಷಂಟ್ ಬಿಟ್ಟು ಅಲ್ಲಾಡೋಕಾಗದೋರು ಇದಾರೆ, ರಾತ್ರಿ ಕ್ಯಾಂಟೀನ್ ಮುಚ್ಚಿದ್ಮೇಲೆ ಬಸ್ ಇಳಿದು ಬರೋ ಕೂಲಿಯೋರು ಇದಾರೆ, ಅಲ್ಲಿಗೆ ಹೋಗೋಣ. ಹಲ್ಲಿಲ್ಲದ ತಾತನಿಗೆ ಚಿಕನ್ ಬಿರಿಯಾನಿ ಯಾಕೆ, ಕೇಳಿ ನೋಡಿ, ಬಿಸಿ ಮುದ್ದೆ, ಬಸ್ಸಾರು ಅಂತಾರೆ. ಶುಗರ್ ಇರೋರು ಬರೀ ಅನ್ನ ಬೇಡ ಅಂತಾರೆ. ದೂರ ತಗೊಂಡು ಹೋಗೋದಾದ್ರೆ ಪುಳಿಯೋಗರೆ ತಡ್ಕೊಳ್ಳುತ್ತೆ, ಹುಣಸೇಹಣ್ಣು ಇರುತ್ತೆ, ಕಾಯಿ ಹಾಕಿದ್ದು ಬೇಗ ಹಳಸುತ್ತೆ, ಅಡುಗೆ ಟೀಮ್‌ನವರಿಗೆ ನಾನು ಹೇಳಬೇಕಾಗಿಲ್ಲ.

ಮತಾಂತರದ ಮಾತು ಬಂದೇ ಬರುತ್ತೆ, ನೇರವಾಗಿ ಹೇಳ್ತೀನಿ. ತಟ್ಟೆ ಜೊತೆ ಕರಪತ್ರ ಇಡಬೇಡಿ. ಹಸಿದೋನಿಗೆ ಬೇಡ ಅನ್ನೋ ಸ್ವಾತಂತ್ರ್ಯ ಇರಲ್ಲ, ಆ ಹೊತ್ತಲ್ಲಿ ಅವನ ಕೈಗೆ ಏನಿಟ್ರೂ ತಗೋತಾನೆ, ಅದು ನಂಬಿಕೆ ಅಲ್ಲ. ಮತ್ತಾಯ 25ರಲ್ಲಿ ಹಸಿದಿದ್ದೆ, ಬಟ್ಟೆಯಿಲ್ಲದೆ ಇದ್ದೆ ಅಂತ ಯೇಸುಸ್ವಾಮಿ ಹೇಳ್ತಾರೆ, ಊಟ ಕೊಟ್ಟೋರಿಗೇ ಅದು ಯಾರು ಅಂತ ಗೊತ್ತಿರಲಿಲ್ಲ, ನಿನ್ನನ್ನ ಯಾವಾಗ ನೋಡಿದ್ವಿ ಅಂತ ಅವರೇ ಕೇಳ್ತಾರೆ. ಫೋಟೋನೂ ಬೇಡ. ಮನೆಗೆ ಬಂದ ನೆಂಟರು ತುತ್ತು ಬಾಯಿಗಿಡುವಾಗ ಯಾರಾದ್ರೂ ಮೊಬೈಲ್ ಹಿಡೀತೀವಾ? "ಇನ್ನೊಂಚೂರು ಹಾಕ್ಲಾ" ಅಂತ ಕೇಳ್ತೀವಿ, ಅಷ್ಟೇ ಇಲ್ಲೂ ಕೇಳಿ.

ಚೀಟಿ ಬಂತು, ಐದು ನಿಮಿಷ ಅಂತೆ. ಶೆಲ್ಟರ್ ಬಗ್ಗೆ ಜಾಸ್ತಿ ಹೇಳೋದಿತ್ತು. ಒಂದ್ ಲಕ್ಷ ಜನಸಂಖ್ಯೆಗೆ ಒಂದು ರಾತ್ರಿ ತಂಗುದಾಣ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, 2011ರ ಜನಗಣತೀಲೇ ನಮ್ಮ ಮೈಸೂರು ಸುಮಾರು 9 ಲಕ್ಷ, ಲೆಕ್ಕ ನೀವೇ ಹಾಕ್ಕೊಳ್ಳಿ, ಕಾರ್ಪೊರೇಷನ್‌ಗೆ ಅರ್ಜಿ ಹಾಕೋಕೆ ನಮ್ಮ ಲಾಯರ್ ಬ್ರದರ್ ಒಬ್ರು ಮುಂದೆ ಬಂದ್ರೆ ಚೆನ್ನಾಗಿರುತ್ತೆ. ಜೂನ್ ಜುಲೈ ಮಳೇಲಿ ನಮ್ಮ ಸ್ಟೋರ್ ಖಾಲಿ ಇರುತ್ತೆ, ಡಿಸೆಂಬರಲ್ಲಿ ತುಂಬಿ ತುಳುಕುತ್ತೆ, ಅದನ್ನ ಕಮಿಟಿ ಮೀಟಿಂಗಲ್ಲಿ ಮಾತಾಡೋಣ.

ಇವತ್ತು ಆಗಬೇಕಾಗಿರೋದು ಇಷ್ಟು. ಬಾಗಿಲ ಹತ್ರ ಒಂದು ನೋಟ್‌ಬುಕ್ ಇಟ್ಟಿದೀವಿ, ಹೊಲಿಗೆ ಬರೋ ಅಕ್ಕಂದಿರು ಹೆಸರು ಬರೀರಿ, ಗಾಡಿ ಇರೋ ಹುಡುಗ್ರು ಬರೀರಿ. ಶನಿವಾರ ಸಾಯಂಕಾಲ ಬಸ್ ಸ್ಟ್ಯಾಂಡ್ ಕಡೆ ಹೋಗ್ತೀವಿ, ಅವತ್ತು ಏನೂ ಹಂಚಲ್ಲ, ಟೇಪು ಪೆನ್ನು ತಗೊಂಡು ಹೋಗಿ ಅಳತೆ ಬರ್ಕೊಂಡು ಬರ್ತೀವಿ. ಆ ಮೂಟೆಗಳನ್ನ ಅಲ್ಲೀವರೆಗೂ ಬಿಚ್ಚಬೇಡಿ.