ನಮ್ಮ ಬಾಲ್ಕನಿಯಲ್ಲೊಂದು ಜೋಧಪುರ

ಕ್ಯಾಮೆರಾ ಅಲುಗಾಡುತ್ತಿದೆ, ಸ್ವಲ್ಪ ಸಹಿಸಿಕೊಳ್ಳಿ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ನೀರಿನ ಪೈಪು. ಇದು ಪುಣೆಯ ನಮ್ಮ ಮನೆಯ ಬಾಲ್ಕನಿ, ಪಶ್ಚಿಮಕ್ಕೆ ಮುಖ, ಮಧ್ಯಾಹ್ನ ಎರಡರ ಮೇಲೆ ಕಾಲಿಡೋಕೆ ಆಗಲ್ಲ. ಆ ಮೂಲೆಯಲ್ಲಿರುವುದು ಎಸಿಯ ಔಟ್‌ಡೋರ್ ಯೂನಿಟ್. ಆರು ವರ್ಷದಿಂದ ಅಲ್ಲೇ ಕೂತಿದೆ. ಅದರ ಹಿಂದೆ ನಾನು ಇಣುಕಿ ನೋಡಿದ್ದು ಮಾತ್ರ ಈ ವಾರ.

ಪ್ರತಿ ವರ್ಷ ಹೋಳಿ ಮುಗಿದ ಮೇಲೆ ನನ್ನ ಬೇಸಿಗೆ ತಯಾರಿ ಅಂದರೆ ಇಷ್ಟೇ. ಒಳಗಿನ ಫಿಲ್ಟರ್ ಬಿಚ್ಚುವುದು, ನಲ್ಲಿಯಡಿ ಹಿಡಿಯುವುದು, ನೆರಳಲ್ಲಿ ಒಣಗಿಸಿ ವಾಪಸ್ ಹಾಕುವುದು. ಈ ಸಲ ಅದನ್ನು ಮಾಡುತ್ತಲೇ ಅಕ್ಕನಿಗೆ ವಿಡಿಯೊ ಕಾಲ್ ಹಚ್ಚಿದ್ದೆ. ಅಕ್ಕ ಇರುವುದು ಜೋಧಪುರದಲ್ಲಿ. ಮದುವೆಯಾಗಿ ಹೋಗಿ ಹನ್ನೆರಡು ವರ್ಷವಾದರೂ ಬಾಯಲ್ಲಿ ಧಾರವಾಡ ಹಾಗೇ ಉಳಿದಿದೆ. "ಫಿಲ್ಟರ್ ಆಮ್ಯಾಲ ತೊಳಿ, ಮೊದಲ ಹೊರಗಿನ ಡಬ್ಬಿ ತೋರಸು" ಅಂದಳು. ತೋರಿಸಿದೆ. ಸರಿಯಾಗಿ ಬೈಸಿಕೊಂಡೆ.

ತಪ್ಪು ನನ್ನದೇ. ಡಬ್ಬಿಯ ಮುಂದೆ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇಟ್ಟಿದ್ದೆ. ಅಷ್ಟೊಂದು ಬಿಸಿಗಾಳಿ ಸುಮ್ನೆ ಹಾಳಾಗುತ್ತೆ ಅಲ್ವಾ ಅಂತ ಒದ್ದೆ ಜೀನ್ಸನ್ನೆಲ್ಲ ತಂದು ಫ್ಯಾನಿನ ಎದುರಿಗೇ ಹರವುತ್ತಿದ್ದೆ, ಒಂದು ಗಂಟೆಯೊಳಗೆ ಗರಿಗರಿ, ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಆದರೆ ಕೋಣೆಯ ಬಿಸಿಯನ್ನು ಹೊರಗೆ ಹಾಕುವುದೇ ಆ ಡಬ್ಬಿಯ ಕೆಲಸ. ಹಿಂದಿನಿಂದ ಗಾಳಿ ಎಳೆಯುತ್ತದೆ, ಮುಂದಿನಿಂದ ಬಿಡುತ್ತದೆ. ಮುಂದೆ ಜೀನ್ಸ್ ಅಡ್ಡ ನಿಂತರೆ ಬಿಸಿಗಾಳಿ ಸುತ್ತಿ ಬಳಸಿ ಮತ್ತೆ ಹಿಂದಕ್ಕೇ ಹೋಗುತ್ತದೆ.

ಎಷ್ಟು ಅಂತ ನೋಡೇಬಿಡೋಣ ಎಂದು ಗೋಡೆಯ ಥರ್ಮಾಮೀಟರ್ ತೆಗೆದು ತಂದೆ. ಬಾಲ್ಕನಿಯ ಈ ತುದಿಯ ನೆರಳಲ್ಲಿ 38 ಡಿಗ್ರಿ. ಎಸಿ ಅರ್ಧ ಗಂಟೆ ಓಡಿದ ಮೇಲೆ ಡಬ್ಬಿಯ ಹಿಂದೆ 46. ಪುಣೆಯಲ್ಲೇ ಕೂತು ಎಸಿಗೆ ಮಾತ್ರ ಜೋಧಪುರ ಮಾಡಿಕೊಟ್ಟಿದ್ದೆ.

ಇದರಿಂದ ಏನಾಗುತ್ತೆ ಅಂದರೆ, ಎಸಿಯ ಮೇಲೆ ಒಂದೂವರೆ ಟನ್ ಅಂತ ಬರೆದಿರುತ್ತಾರಲ್ಲ, ಅದು ತೂಕವಲ್ಲ, ತಂಪು ಮಾಡುವ ಶಕ್ತಿ, ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇಟ್ಟು ಅಳೆದ ಲೆಕ್ಕ. ಹೊರಗಿನ ಬಿಸಿ ಅದಕ್ಕಿಂತ ಏರಿದರೆ ಆ ಶಕ್ತಿ ಕುಗ್ಗುತ್ತದೆ, ಕರೆಂಟ್ ಮಾತ್ರ ಜಾಸ್ತಿ ಎಳೆಯುತ್ತದೆ. ಮರುಭೂಮಿಯಂಥ ಸೀಮೆಗೆ ಅಂತಲೇ ಹೊರಗೆ 46 ಡಿಗ್ರಿ ಇಟ್ಟು ಮಾಡುವ ಬೇರೆ ಪರೀಕ್ಷೆ ಇದೆ. ಅಕ್ಕನ ಕಡೆ ಅದೂ ಸಾಲದು ಅನಿಸುವ ದಿನಗಳಿವೆ. 2016ರ ಮೇ 19ರಂದು ಫಲೋದಿಯಲ್ಲಿ 51 ಡಿಗ್ರಿ ಆಗಿತ್ತು, ಆಗ ಅದು ಜೋಧಪುರ ಜಿಲ್ಲೆಯ ಊರೇ. ಮೇ ಜೂನಿನಲ್ಲಿ ಅಲ್ಲಿ ಆಂಧಿ ಏಳುತ್ತದೆ, ಮರಳು ಮಿಶ್ರಿತ ಗಾಳಿ, ಕಿಟಕಿ ಮುಚ್ಚಿದರೂ ತಟ್ಟೆಯಲ್ಲಿ ಧೂಳು. ಪ್ರತಿ ಆಂಧಿ ಮುಗಿದ ಮೇಲೂ ಅಕ್ಕ ಡಬ್ಬಿಗೆ ನೀರು ಹೊಡೆಯುತ್ತಾಳೆ. ಮೇಲೆ ಎರಡು ಅಡಿ ಎತ್ತರಕ್ಕೆ ಹಸಿರು ನೆಟ್ ಕಟ್ಟಿದ್ದಾಳೆ, ಮುಂದೆ ಹಿಂದೆ ಏನೂ ಇಲ್ಲ. ನೆರಳು ಬೇಕು, ಗಾಳಿಯೂ ಓಡಾಡಬೇಕು.

ಈಗ ನಮ್ಮ ಡಬ್ಬಿ. ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಜಾಗ. ಅದರ ತುಂಬ ಪಾರಿವಾಳದ ಗೂಡು. ಮೊಟ್ಟೆ ಇರಲಿಲ್ಲ, ಪುಣ್ಯಕ್ಕೆ. ಕಡ್ಡಿಗಳನ್ನು ಎತ್ತಿ ನೋಡಿದರೆ ಅರ್ಧದಷ್ಟು ನಮ್ಮದೇ ತೆಂಗಿನ ಪೊರಕೆಯವು! ಒಣಗಿದ ಹಿಕ್ಕೆಯನ್ನು ಹಾಗೇ ಕೆರೆಯಬೇಡಿ, ಆ ಪುಡಿ ಶ್ವಾಸಕ್ಕೆ ಕೆಟ್ಟದ್ದು. ನಾನು ಮಾಸ್ಕ್ ಹಾಕಿ, ಮೊದಲು ನೆನೆಸಿ, ಆಮೇಲೆ ತೆಗೆದೆ.

ನೀರು ಮುಟ್ಟುವ ಮೊದಲು ಎಂಸಿಬಿ, ಅಂದರೆ ಎಸಿಗೆ ಕರೆಂಟ್ ಕೊಡುವ ಬೋರ್ಡಿನ ಸ್ವಿಚ್ಚು, ಇಳಿಸಿದ್ದೇನೆ, ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು. ಪಕ್ಕದ ವೈರಿಂಗ್ ಮುಚ್ಚಳ ತೆಗೆದಿಲ್ಲ, ಒಳಗಿನ ಕೆಪಾಸಿಟರ್ ಕರೆಂಟ್ ಹಿಡಿದಿಟ್ಟುಕೊಳ್ಳುತ್ತದೆ, ಸ್ವಿಚ್ಚು ಇಳಿಸಿದ ಮೇಲೂ ಶಾಕ್ ಹೊಡೆಯಬಹುದು. ಹಿಂದೆ ಕಾಣುತ್ತಿವೆಯಲ್ಲ, ಬಾಚಣಿಗೆ ಹಲ್ಲಿನ ಹಾಗೆ, ಅವು ಅಲ್ಯುಮಿನಿಯಂ ಫಿನ್‌ಗಳು. ಉಗುರು ತಾಗಿದರೂ ಬಾಗುತ್ತವೆ. ಅದಕ್ಕೆ ಜೋರು ಪ್ರೆಶರ್ ಬೇಡ, ಗಿಡಕ್ಕೆ ಬಿಡುವಷ್ಟೇ ನೀರು, ಮೇಲಿನಿಂದ ಕೆಳಕ್ಕೆ. ಮೊದಲು ಬಂದ ನೀರು ನೋಡಿ, ರಾಗಿ ಅಂಬಲಿ ಬಣ್ಣ. ಇಪ್ಪತ್ತು ನಿಮಿಷ ಹಿಡಿಯಿತು ತಿಳಿಯಾಗೋಕೆ. ಅಷ್ಟರಲ್ಲಿ ಕೆಳಗಿನ ಮನೆಯ ಆಜಿ ಕೂಗಿದರು, ಅವರ ಸಾಬೂದಾಣಿ ಪಾಪಡ್ ಬಾಲ್ಕನಿಯಲ್ಲೇ ಒಣಗುತ್ತಿತ್ತು. ನೀವು ಪೈಪ್ ಹಿಡಿಯುವ ಮೊದಲು ಕೆಳಗೊಮ್ಮೆ ಬಗ್ಗಿ ನೋಡಿ. ಡಬ್ಬಿ ಗ್ರಿಲ್‌ನ ಆಚೆ ನೇತಾಡುತ್ತಿದ್ದರೆ ಮಾತ್ರ ದಯವಿಟ್ಟು ಕೆಲಸದವರನ್ನೇ ಕರೆಯಿರಿ.

ಎಸಿ ಕೋಣೆಯ ಗಾಳಿಯಿಂದ ಹಿಂಡಿದ ನೀರು ಹೊರಗೆ ಹೋಗುವುದು ಡ್ರೇನ್ ಪೈಪ್‌ನಲ್ಲಿ, ಅದರದ್ದು ಸಣ್ಣ ಕೆಲಸ. ಒಳಗಿನ ಟ್ರೇಗೆ ಒಂದು ಲೋಟ ನೀರು ಹಾಕಿದೆ, ಹೊರಗೆ ಬಂತು, ಮುಗಿಯಿತು. ಗಾಳಿ ಒಣಗಿರುವುದರಿಂದ ಜೋಧಪುರದಲ್ಲಿ ಮೇ ತಿಂಗಳಲ್ಲಿ ಪೈಪ್ ತೊಟ್ಟಿಕ್ಕುವುದೇ ಅಪರೂಪವಂತೆ. ಮುಂಬೈಯ ನಮ್ಮ ನಾದಿನಿ ಮನೆಯಲ್ಲಿ ಅದೇ ಪೈಪಿಗೆ ಬಕೆಟ್ ಇಡಬೇಕು.

ಇನ್ನು ಗ್ಯಾಸಿನ ಕಥೆ. ಹೋದ ವರ್ಷ ಬಂದ ಮೆಕ್ಯಾನಿಕ್ ಗೇಜ್ ಹಚ್ಚಿ "ಗ್ಯಾಸ್ ಕಮ್ ಹೈ" ಎಂದು ತುಂಬಿ ಹೋದ. ಎರಡೇ ತಿಂಗಳಲ್ಲಿ ಮತ್ತೆ ಅದೇ ಕಥೆ. ಎಸಿ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಅಲ್ಲ, ಓಡಿದಷ್ಟೂ ಖರ್ಚಾಗುವುದಿಲ್ಲ, ಕಮ್ಮಿ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಎರಡನೆಯವನು ಬಂದು ಪೈಪಿನ ನಟ್ ಮೇಲೆ ಸೋಪಿನ ನೊರೆ ಹಚ್ಚಿದ. ನೊರೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಒಂದರ ಹಿಂದೊಂದು ಏಳುತ್ತಿದ್ದವು. ಆ ಜಾಯಿಂಟ್ ಬಿಚ್ಚಿ ಹೊಸದಾಗಿ ಮಾಡಿದ ಮೇಲೆ ಇವತ್ತಿನವರೆಗೂ ಗ್ಯಾಸ್ ಹಾಕಿಸಿಲ್ಲ. ಯಾರಾದರೂ ಗ್ಯಾಸ್ ಕಮ್ಮಿ ಅಂದರೆ, ಲೀಕ್ ಎಲ್ಲಿ ತೋರಿಸಿ ಅಂತ ಕೇಳಿ.

ಎಲ್ಲ ಒಣಗಿದ ಮೇಲೆ ಎಂಸಿಬಿ ಏರಿಸಿ 24ಕ್ಕೆ ಇಟ್ಟೆ, ಜೊತೆಗೆ ಸೀಲಿಂಗ್ ಫ್ಯಾನ್ ಎರಡರಲ್ಲಿ. ಸ್ಟ್ಯಾಂಡ್ ಈಗ ಟೆರೇಸಿನ ಮೇಲಿದೆ. ಮರುದಿನ ಅದೇ ಹೊತ್ತಿಗೆ ಡಬ್ಬಿಯ ಹಿಂದೆ ಥರ್ಮಾಮೀಟರ್ ನೋಡಿದರೆ 40. ಫೋಟೊ ತೆಗೆದು ಅಕ್ಕನಿಗೆ ಕಳಿಸಿದೆ. ಅವಳು ತನ್ನ ಬಾಲ್ಕನಿಯದ್ದು ಕಳಿಸಿದಳು, 44. ಕೆಳಗೆ ಬರೆದಿದ್ದಳು, "ಇದು ನೆರಳಾಗಿಂದು."